ಈರಣ್ಣ ಕಾಕಾನ ಹೆರಳು

ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ಶ್ವೇತಾ ನನ್ನನ್ನು ನರಗುಂದದ ಒಂದು ಬ್ಯೂಟಿ ಪಾರ್ಲರಿಗೆ ಕರೆದುಕೊಂಡು ಹೋದಳು. ಕರೆದುಕೊಂಡು ಹೋದಳು ಎನ್ನುವುದು ಮರ್ಯಾದೆಯ ಮಾತು, ಎಳೆದುಕೊಂಡು ಹೋದಳು ಎಂದರೇ ಸರಿ. ಅವಳಿಗೆ ಕೂದಲು ಕತ್ತರಿಸಿಕೊಳ್ಳುವುದಿತ್ತು. ನನ್ನನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟರೆ ಆ ಬಿಸಿಲಲ್ಲಿ ಮಾಳಿಗೆ ಏರಿ ಸಂಡಿಗೆ ಹಾಕುತ್ತೇನೆಂಬ ಹೆದರಿಕೆಯೂ ಇತ್ತು. ಅವಳ ಹೆದರಿಕೆ ಸುಳ್ಳಲ್ಲ, ಹಿಟ್ಟು ಕಲಸಿಟ್ಟಾಗಿತ್ತು.

ತಂಪು ಗಾಳಿಯ ಯಂತ್ರದ ಕೆಳಗೆ ಕುಳಿತು ನಾನು ತೂಕಡಿಸುತ್ತಿದ್ದೆ. ಅಲ್ಲಿ ಕೆಲಸ ಮಾಡುವ ಹುಡುಗಿ ಒಂದು ದಪ್ಪ ರಟ್ಟಿನ ಪುಸ್ತಕ ತಂದು ನನ್ನ ತೊಡೆಯ ಮೇಲೆ ತೆರೆದಿಟ್ಟಳು. "ಅಜ್ಜಿ, ಸುಮ್ಮನ ಯಾಕ ಕುಂದ್ರತೀರಿ, ನೀವೂ ಒಂದು ಬಣ್ಣ ಆರಿಸ್ರಿ. ಈ ಬ್ಯಾಸಿಗಿಗೆ ತಾಮ್ರದ ಬಣ್ಣ ಭಾಳ ನಡದೈತ್ರಿ" ಎಂದಳು. ನನ್ನ ತಲೆಯಲ್ಲಿ ಈಗ ಉಳಿದಿರುವುದು ನಿಂಬೆಹಣ್ಣಿನ ಗಾತ್ರದ ಒಂದು ತುರುಬು, ಅದರಲ್ಲೂ ಅರ್ಧ ಪಿನ್ನು. ಅದಕ್ಕೆ ಬಣ್ಣ ಬೇರೆ! ಆದರೆ ಪುಸ್ತಕ ನೋಡಿದವಳಿಗೆ ನಿದ್ದೆ ಹಾರಿಹೋಯಿತು. ಪುಟದ ತುಂಬ ಸಾಲಾಗಿ, ಬೆರಳುದ್ದದ ಕೂದಲ ಗೊಂಚಲುಗಳನ್ನು ಅಂಟಿಸಿದ್ದರು. ಕಪ್ಪು, ಕಂದು, ತಾಮ್ರ, ಬೆಂಕಿ, ಒಂದೆರಡು ಹಸಿರು ಕೂಡ.

ನಾನು ನಕ್ಕುಬಿಟ್ಟೆ. ಶ್ವೇತಾ ಗಾಬರಿಯಾಗಿ ತಿರುಗಿ ನೋಡಿದಳು. ಏನು ಮಾಡಲಿ, ಇಂಥದೇ ಗೊಂಚಲುಗಳ ಸಾಲು ಗಜೇಂದ್ರಗಡದ ನಮ್ಮ ಮನೆಯ ಗೋಡೆಯ ಮೊಳೆಗೆ ತೂಗುತ್ತಿತ್ತು. ಅವು ಕೂದಲಲ್ಲ, ನೂಲು. ನಮ್ಮದು ಸೀರೆ ನೇಯುವ ಮನೆ, ನೂಲಿಗೆ ಬಣ್ಣ ಹಾಕುವುದು ನಮ್ಮವ್ವನ ಕೆಲಸ. ಪ್ರತಿ ಸಲ ಬಣ್ಣ ಹಾಕಿದಾಗಲೂ ಒಂದು ಚೂರು ಎಳೆ ಕತ್ತರಿಸಿ ದಾರಕ್ಕೆ ಕಟ್ಟಿ ಇಡುತ್ತಿದ್ದಳು, ಮುಂದಿನ ಸಲ ಅದೇ ಬಣ್ಣ ಬರಬೇಕಲ್ಲ. ಆ ದಾರದಲ್ಲಿ ನೂಲಿನ ನಡುವೆ ಒಂದೇ ಒಂದು ಗೊಂಚಲು ಮನುಷ್ಯರ ಕೂದಲಿತ್ತು. ಅದು ನಮ್ಮ ಈರಣ್ಣ ಕಾಕಾನದು.

ಈರಣ್ಣ ಕಾಕಾ ನಮ್ಮಪ್ಪನ ತಮ್ಮ. ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು, ಆಗ ನನಗೆ ಹದಿಮೂರೋ ಹದಿನಾಲ್ಕೋ. ಕಾಕಾನಿಗೆ ನಲವತ್ತು ದಾಟಿತ್ತು. ದಪ್ಪ ಮೀಸೆ ಇರಬೇಕಾದ ವಯಸ್ಸಿನಲ್ಲಿ ಅವನಿಗೆ ಮೀಸೆ ಇರಲಿಲ್ಲ, ಬದಲಿಗೆ ಸೊಂಟದ ತನಕ ಕೂದಲಿತ್ತು. ಕಾರಣ ನಾಟಕ. ನಮ್ಮ ಓಣಿಯ ನೇಕಾರರು ಪ್ರತಿ ಬೇಸಿಗೆಯಲ್ಲಿ ಒಂದು ನಾಟಕ ಆಡುತ್ತಿದ್ದರು. ಆಗ ಹೆಂಗಸರು ರಂಗ ಹತ್ತುತ್ತಿರಲಿಲ್ಲ, ರಾಣಿಯ ಪಾರ್ಟು ಗಂಡಸರೇ ಮಾಡಬೇಕು. ಹದಿನೆಂಟು ವರ್ಷದಿಂದ ಆ ಪಾರ್ಟು ಕಾಕಾನದು. ವರ್ಷಕ್ಕೆ ಒಂದು ದಿನ ರಾಣಿಯಾಗುವುದಕ್ಕಾಗಿ ಅವನು ಉಳಿದ ದಿನವೆಲ್ಲ ಆ ಕೂದಲನ್ನು ರುಮಾಲಿನೊಳಗೆ ಸುತ್ತಿಟ್ಟುಕೊಂಡು ಮಗ್ಗದ ಕುಣಿಯಲ್ಲಿ ಕುಳಿತು ನೇಯುತ್ತಿದ್ದ.

ಬೇಸಿಗೆ ಬಂದರೆ ಮಾತ್ರ ರುಮಾಲು ಗೂಟಕ್ಕೆ ಹೋಗುತ್ತಿತ್ತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ, ಮಧ್ಯಾಹ್ನದ ಒಣ ಗಾಳಿಗೆ ಮಗ್ಗದ ಮೇಲೆ ನೂಲು ಪಟಪಟ ಹರಿಯುತ್ತದೆ. ಅದಕ್ಕೇ ನಸುಕಿನಲ್ಲಿ ನೇಯ್ದು ಬಿಸಿಲೇರುವ ಮೊದಲು ನಿಲ್ಲಿಸಿ ಮತ್ತೆ ಸಂಜೆಗೆ ಕೂಡುವುದು. ನಡುವಿನ ಹೊತ್ತು ಇಡೀ ಓಣಿಗೆ ಕೆಲಸವಿಲ್ಲ. ಆಗ ನಮ್ಮ ಪಡಸಾಲೆಯಲ್ಲಿ ಕಾಕಾನ ದರ್ಬಾರು ನಡೆಯುತ್ತಿತ್ತು. ಸೀಗೆಕಾಯಿ ಹಾಕಿ ತೊಳೆದ ಕೂದಲನ್ನು ಬೆನ್ನ ಮೇಲೆ ಹರವಿಕೊಂಡು ಅವನು ಕುಳಿತರೆ ಓಣಿಯ ಹೆಂಗಸರೆಲ್ಲ ಬಂದು ಸುತ್ತ ಕೂಡುತ್ತಿದ್ದರು. ಹೆರಳಿನ ವಿಷಯದಲ್ಲಿ ಅವನ ಮಾತೇ ಕಡೆಯ ಮಾತು.

"ಕುತ್ತಿಗಿ ಮ್ಯಾಲ ತುರುಬು ಇಟಗೊಂಡ್ರ ಒಲಿ ಮುಂದ ಕುಂತಂಗ ಆಕ್ಕೈತ್ರಿ ಗುರವ್ವ. ಬ್ಯಾಸಿಗ್ಯಾಗ ತುರುಬು ಮ್ಯಾಲಕ್ಕ ಇರಬೇಕು, ಕುತ್ತಿಗಿಗೆ ಗಾಳಿ ಆಡಬೇಕು" ಎನ್ನುತ್ತಿದ್ದ ಪಕ್ಕದ ಮನೆಯ ಗುರವ್ವನಿಗೆ. ತುರುಬಿನ ನಡುವೆ ಒಂದು ಚೂರು ಲಾವಂಚದ ಬೇರು ಇಡಬೇಕು, ಅದಕ್ಕೆ ಆಗಾಗ ನೀರು ಚಿಮುಕಿಸಬೇಕು, ತಲೆ ತಣ್ಣಗಿರುತ್ತದೆ ಎಂದು ಹೇಳಿಕೊಟ್ಟವನೂ ಅವನೇ. ಲಕ್ಕಲಕಟ್ಟಿಯಿಂದ ತವರಿಗೆ ಬಂದ ಹೆಣ್ಣುಮಗಳೊಬ್ಬಳು ಬರೀ ನಾಲ್ಕೆಳೆಯ ಹೆರಳು ಕಲಿಯುವುದಕ್ಕೆ ನಮ್ಮ ಮನೆಯಲ್ಲಿ ಎರಡು ಮಧ್ಯಾಹ್ನ ಕಳೆದಳು. ಎಳೆ ಮೇಲೆ ಎಳೆ ಹಾಯಿಸುವುದು ನೇಕಾರನಿಗೆ ಹೇಳಿಕೊಡಬೇಕೇ? ಐದೆಳೆ, ಆರೆಳೆ, ಏನು ಬೇಕೋ ಅದು. ನನ್ನ ಕೂದಲು ಹಿಡಿದರೆ ಮಾತ್ರ ನಿಟ್ಟುಸಿರು ಬಿಟ್ಟು, "ಶಾಂತವ್ವ, ನಿನ್ನ ಇಲಿ ಬಾಲಕ್ಕ ಎರಡ ಎಳಿ ಸಾಕು ತಗೀ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ಸಿಟ್ಟು ಮಾಡಿಕೊಂಡು ಅಡುಗೆಮನೆಗೆ ಹೋಗಿ, ಅಲ್ಲಿ ತಿನ್ನುವುದು ಏನೂ ಸಿಗದೆ ತಿರುಗಿ ಬರುತ್ತಿದ್ದೆ.

ಈ ದರ್ಬಾರಿನ ಹಿಂದೆ, ಕಂಬಕ್ಕೆ ಒರಗಿ ರಾಟಿ ತಿರುಗಿಸುತ್ತ ಕೂಡುವವಳು ಗಂಗವ್ವ ಚಿಗವ್ವ, ಕಾಕಾನ ಹೆಂಡತಿ. ಅವಳ ಕೂದಲೂ ನನ್ನ ಹಾಗೆಯೇ ತೆಳ್ಳಗೆ. ಊರಿನ ಹೆಂಗಸರಿಗೆಲ್ಲ ಹೆರಳು ಹಾಕುವ ಗಂಡ ತನಗೊಂದು ದಿನ ಹಾಕಲಿ ಎಂದು ಅವಳು ಕೇಳಿದವಳಲ್ಲ. ನಾಟಕದ ಮಾತು ಬಂದರೆ ಮಾತ್ರ ರಾಟಿ ನಿಲ್ಲಿಸಿ, "ಎಲ್ಲಾರೂ ಗಂಡನ ಕೂಡ ನಾಟಕ ನೋಡಾಕ ಹೊಕ್ಕಾರು. ನನ್ನ ಗಂಡ ಅಲ್ಲಿ ಮತ್ತೊಬ್ಬನ ಹೆಂಡತಿ ಆಗಿ ನಿಂತಿರತಾನು, ನಾ ಯಾರ ಕೂಡ ಹೋಗಲಿ?" ಎನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು. ನಾವೂ ನಗುತ್ತಿದ್ದೆವು.

ಕಾಕಾನಿಗೆ ಒಂದು ಚಟವಿತ್ತು. ಮನಸ್ಸಿಗೆ ಏನಾದರೂ ಕಸಿವಿಸಿಯಾದರೆ ಹೆರಳಿನ ತುದಿಯನ್ನು ಮುಂದಕ್ಕೆ ಎಳೆದುಕೊಂಡು ತೋರುಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಆ ವರ್ಷ ಬೇಸಿಗೆ ಶುರುವಾದಾಗಿನಿಂದ ಅವನ ಬೆರಳಿಗೆ ಬಿಡುವೇ ಇರಲಿಲ್ಲ. ಏಕೆಂದರೆ ಕೂದಲು ನರೆತಿತ್ತು. ಒಂದೆರಡು ಎಳೆಯಲ್ಲ, ಅರ್ಧಕ್ಕರ್ಧ. ನಾಟಕ ಕಲಿಸುವ ಮಾಸ್ತರರು ಒಂದು ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಬಹಳ ಹೊತ್ತು ಕೆಮ್ಮಿ, ಕಡೆಗೆ ಹೇಳಿದರು.

"ಈರಣ್ಣ, ಈ ಸಲ ನೀನು ರಾಣಿ ಅತ್ತಿ ಪಾರ್ಟು ಮಾಡಿದ್ರ ಹ್ಯಾಂಗ? ಬತ್ತಿ ಬೆಳಕಿಗೆ ಬಿಳಿ ಕೂದಲ ಭಾಳ ಕಾಣತಾವಪಾ. ರೋಣದಿಂದ ಒಬ್ಬ ಹುಡುಗ ಬರತೀನಿ ಅಂದಾನು. ಶುಕ್ರವಾರ ಮಧ್ಯಾಹ್ನ ಇಬ್ಬರನ್ನೂ ನೋಡಿ ಮುಗಸೋಣ."

ಕಾಕಾ "ಆತ್ರಿ" ಎಂದ. ಆ ಸಂಜೆ ಅವನು ಮಗ್ಗಕ್ಕೆ ಕೂಡಲಿಲ್ಲ, ತಲೆಗೆ ಎಣ್ಣೆಯನ್ನೂ ಹಚ್ಚಿಸಿಕೊಳ್ಳಲಿಲ್ಲ. ರಾಣಿಯ ಪಾರ್ಟು ಹೋದರೆ ಅವನಿಗೆ ಉಳಿಯುವುದು ಏನು ಎಂದು ನಮಗೆಲ್ಲ ಗೊತ್ತಿತ್ತು. ಹದಿನೆಂಟು ವರ್ಷ ಅವನು ನೇಕಾರ ಈರಣ್ಣನಲ್ಲ, ರಾಣಿ ಈರಣ್ಣ. ಸಂತೆಗೆ ಹೋದರೆ ಅಬ್ಬಿಗೇರಿಯವರು ಕೂಡ ಹಾಗೇ ಕರೆಯುತ್ತಿದ್ದರು, ಅವನು ಹಾಗೇ ಓಗೊಡುತ್ತಿದ್ದ.

ಅವನ ಮುಖ ನೋಡಲಾರದೆ ನಮ್ಮವ್ವ ಮುಂದೆ ಬಂದಳು. "ನನ್ನ ಕೈಲೆ ಎಷ್ಟು ಸಾವಿರ ಲಡಿ ನೂಲಿಗೆ ಬಣ್ಣ ಹಾಕೀನಿ. ನಿನ್ನ ತಲಿ ಮ್ಯಾಲಿಂದು ಒಂದು ಲಡಿಗೆ ಹಾಕಾಕ ಆಗೂದಿಲ್ಲೇನು?" ಎಂದಳು. ಕಾಕಾ ತಲೆ ಎತ್ತಿ, "ಪಕ್ಕಾ ಬಣ್ಣ ಆಗಬೇಕು ಅತ್ತಿಗಿ. ಬೆವರಿಗೆ ಇಳಿದು ಮಾರಿ ಮ್ಯಾಲ ಬಂದ್ರ ನನ್ನ ಮರ್ಯಾದಿ ಹೋಗತೈತಿ" ಎಂದ. ಅವ್ವನಿಗೆ ಇದು ಅವಮಾನದ ಮಾತು. "ನಾ ಹಾಕಿದ ಬಣ್ಣ ಸೀರಿ ಹರದ್ರೂ ಹೋಗೂದಿಲ್ಲ" ಎಂದಳು.

ಬಣ್ಣ ಹಾಕಿದ್ದು ಥೇಟು ನೂಲಿಗೆ ಹಾಕುವ ರೀತಿಯಲ್ಲೇ. ಬುಧವಾರ ರಾಜೂರಿನಿಂದ ಮದರಂಗಿ ಸೊಪ್ಪು ತರಿಸಿ, ಅರೆದು, ಇಡೀ ಕೂದಲಿಗೆ ಮೆತ್ತಿದರು. ತೊಳೆದಾಗ ಬಿಳಿ ಇದ್ದದ್ದೆಲ್ಲ ಕೆಂಡದ ಬಣ್ಣವಾಗಿತ್ತು. ಇದು ಕೆಳಗಿನ ಬಣ್ಣ, ಇದರ ಮೇಲೆ ನೀಲಿ ಕೊಟ್ಟರೆ ಕಪ್ಪಾಗುತ್ತದೆ ಎಂದು ಅವ್ವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಗುರುವಾರ ಬೆಳಿಗ್ಗೆ ನೀಲಿ ಬಣ್ಣ ತುಂಬಿದ ಮಣ್ಣಿನ ಹರವಿಯ ಪಕ್ಕದಲ್ಲಿ ಹಲಗೆ ಹಾಕಿ, ಕಾಕಾನನ್ನು ಅಂಗಾತ ಮಲಗಿಸಿ, ಕೂದಲನ್ನು ಹರವಿಯೊಳಗೆ ಇಳಿಬಿಡುವುದೆಂದು ಆಯಿತು. ಅದಕ್ಕೂ ಮೊದಲು ಕೂದಲನ್ನು ಕಟ್ಟಬೇಕು. ನೂಲಿನ ಲಡಿಯನ್ನು ಬಿಡಿಯಾಗಿ ಬಣ್ಣಕ್ಕೆ ಹಾಕಿದರೆ ಸಿಕ್ಕಾಗುತ್ತದೆಂದು ಅಲ್ಲಲ್ಲಿ ದಾರ ಕಟ್ಟುವುದು ರೂಢಿ. ಮನೆಯಲ್ಲಿ ಲಡಿ ಕಟ್ಟುವ ಕೆಲಸ ನನ್ನದು. ಹೀಗಾಗಿ ಕಾಕಾನ ಕೂದಲನ್ನೂ ನನ್ನ ಕೈಗೇ ಕೊಟ್ಟರು.

ಇಲ್ಲಿ ನನ್ನ ತಪ್ಪನ್ನು ನಾನೇ ಹೇಳಿಬಿಡುತ್ತೇನೆ. ಲಡಿಯ ಕಟ್ಟು ಬೆರಳು ತೂರುವಷ್ಟು ಸಡಿಲ ಇರಬೇಕು, ಇಲ್ಲದಿದ್ದರೆ ಕಟ್ಟಿನ ಕೆಳಗೆ ಬಣ್ಣ ಹೋಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಏಳನೆಯ ವರ್ಷಕ್ಕೇ ಗೊತ್ತಿತ್ತು. ಆದರೆ ನೂಲು ನಿಂತಂತೆ ಕೂದಲು ನಿಲ್ಲುವುದಿಲ್ಲವಲ್ಲ, ಸಡಿಲ ಕಟ್ಟಿದರೆ ಸರ್ರನೆ ಜಾರಿ ದಾರವೇ ಕೈಗೆ ಬರುತ್ತಿತ್ತು. ಎರಡು ಸಲ ಜಾರಿತು, ಮೂರನೆಯ ಸಲವೂ ಜಾರಿತು. ಕಾಕಾ ನನ್ನನ್ನು ನಂಬಿ ಕಣ್ಣು ಮುಚ್ಚಿ ಕುಳಿತಿದ್ದಾನೆ, ಅವ್ವ ಹರವಿ ಕಲಕುತ್ತ "ಆತೇನ, ಆತೇನ" ಎನ್ನುತ್ತಿದ್ದಾಳೆ. ನಾನು ಗೇಣಿಗೊಂದರಂತೆ ನಾಲ್ಕು ಕಡೆ, ಎರಡು ಬೆರಳಗಲ ದಾರ ಸುತ್ತಿ, ಗಂಟನ್ನು ಹಲ್ಲಿನಿಂದ ಎಳೆದು ಬಿಗಿದೆ. ಇನ್ನು ಜಾರುವುದಿಲ್ಲ ಎಂದು ನನಗೆ ನಾನೇ ಶಾಬಾಸ್ ಎಂದುಕೊಂಡೆ.

ಹರವಿಯಿಂದ ಎತ್ತಿದಾಗ ಕೂದಲು ಪಾಚಿ ಹಸಿರಾಗಿತ್ತು. ಚಿಗವ್ವ ಬಾಯಿಗೆ ಸೆರಗು ಹಿಡಿದಳು. ಅವ್ವ ಮಾತ್ರ, "ಗಾಳಿ ತಗಲಲಿ, ತಡೀರಿ" ಎಂದಳು. ನೂಲಿನಂತೆಯೇ ನೋಡುನೋಡುತ್ತ ಹಸಿರು ಹೋಗಿ ಕಪ್ಪೇರಿತು. ಕಾಕಾ ಕನ್ನಡಿ ಹಿಡಿದು ನೋಡಿಕೊಂಡ, ಹತ್ತು ವರ್ಷ ಇಳಿದುಹೋಗಿತ್ತು. ಆದರೆ ಒದ್ದೆ ಇದ್ದಾಗ ಕಟ್ಟು ಬಿಚ್ಚಬಾರದೆಂಬುದು ಬಣ್ಣದ ಮನೆಯ ಕಟ್ಟಳೆ, ಎಳೆ ಹರಿಯುತ್ತವೆ. ಹೀಗಾಗಿ ಆ ದಿನವೆಲ್ಲ ನೆರಳಲ್ಲಿ ಒಣಗಿಸಿ, ಶುಕ್ರವಾರ ಬೆಳಿಗ್ಗೆ ನ್ಯಾರಿ ತಿಂದು ಮುಗಿಸಿದ ಮೇಲೆ ಎಲ್ಲರೂ ಸುತ್ತ ಕುಳಿತಾಗ ಅವ್ವ ನನ್ನ ಗಂಟುಗಳನ್ನು ಬಿಚ್ಚಿದಳು. ಬಿಚ್ಚಲಾಗಲಿಲ್ಲ, ಕತ್ತರಿ ಹಾಕಿದಳು.

ದಾರ ಇದ್ದ ಕಡೆಯೆಲ್ಲ ಬಣ್ಣ ಹೋಗಿರಲಿಲ್ಲ. ಕಪ್ಪು ಕೂದಲ ನಡುವೆ ಗೇಣಿಗೊಂದು ಕೆಂಡದಂಥ ಕೆಂಪು ಪಟ್ಟಿ. ಒಂದಲ್ಲ, ನಾಲ್ಕು. ನಮ್ಮ ಮಗ್ಗದ ಸೀರೆಗಳಲ್ಲೂ ಅಷ್ಟು ಸರಿಯಾಗಿ ಪಟ್ಟಿ ಬರುತ್ತಿರಲಿಲ್ಲ.

ಅವ್ವ ನನ್ನತ್ತ ತಿರುಗಿ, "ಎಷ್ಟು ಬಿಗಿ ಕಟ್ಟೀದಿ?" ಎಂದಳು. ನಾನು ಎದ್ದು ಓಡಿ ಮಗ್ಗದ ಕುಣಿಗೆ ಇಳಿದು, ಮೂಲೆಗೆ ಮುದುಡಿ ಕುಳಿತು ಅಳತೊಡಗಿದೆ. ಕಾಕಾನ ಹದಿನೆಂಟು ವರ್ಷವನ್ನು ನಾನು ಹಲ್ಲಿನಿಂದ ಬಿಗಿದು ಹಾಳು ಮಾಡಿದ್ದೆ. ರೋಣದ ಹುಡುಗ ಇಷ್ಟೊತ್ತಿಗೆ ಹೊರಟಿರುತ್ತಾನೆ. ಮತ್ತೆ ಬಣ್ಣ ಹಾಕಿ ಒಣಗಿಸಲು ಹೊತ್ತಿಲ್ಲ, ಹರವಿಯಲ್ಲಿ ಬಣ್ಣವೂ ಉಳಿದಿಲ್ಲ. ಅಷ್ಟೊತ್ತಿಗೆ ಮೇಲೆ ಯಾರೋ ಕುಳಿತರು, ಎರಡು ಕಾಲು ಕುಣಿಯೊಳಗೆ ಇಳಿದವು. ಕಾಲ್ಬೆರಳೊಂದು ನನ್ನ ತಲೆಗೆ ತಾಗಿತು.

"ಇದೇನಿದು, ಮಗ್ಗಕ್ಕ ಹೊಸಾ ತುಳಿಗೋಲು ಬಂದೈತಿ" ಎಂದ ಕಾಕಾ.

ನಾನು ಇನ್ನೂ ಜೋರಾಗಿ ಅತ್ತೆ.

"ಶಾಂತವ್ವ, ಸಡಿಲ ಕಟ್ಟಿದ್ರ ಜಾರತಿತ್ತೇನ?"

"ಹೂಂ."

"ಹಂಗಾರ ನೀ ಮತ್ತೇನ ಮಾಡಬೇಕಿತ್ತು? ನನ್ನ ಕೂದಲ ನುಣುಪು ಅದಾವ, ಅದು ನಿನ್ನ ತಪ್ಪಲ್ಲ" ಎಂದ. ಇಷ್ಟರಲ್ಲೂ ತನ್ನ ಕೂದಲಿನ ಹೊಗಳಿಕೆ ಬಿಡಲಿಲ್ಲ ನೋಡಿ. "ಎದ್ದು ಬಾ. ಹೆರಳು ಹಾಕೂಣು. ಪಟ್ಟಿಗಿ ಪಟ್ಟಿ ಕೂಡೂ ಹಂಗ ಹಿಡಕೊಳ್ಳಾಕ ಒಬ್ಬರು ಬೇಕು."

ನಾನು ಹಿಡಿದುಕೊಂಡೆ, ಅವನು ಹೆಣೆದ. ಪಟ್ಟಿಗೆ ಪಟ್ಟಿ ಕೂಡಿ, ಕಪ್ಪು ಹೆರಳಿನ ಮೇಲೆ ನಾಲ್ಕು ಕೆಂಪು ಬಳೆ ತೊಡಿಸಿದಂತಾಯಿತು.

ಮಧ್ಯಾಹ್ನ ನಮ್ಮ ಓಣಿಯ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ಕಾಕಾ ರುಮಾಲಿಲ್ಲದೆ ಬಂದು ನಿಂತ. ಮಾಸ್ತರರು ಅವನ ಸುತ್ತ ಒಂದು ಸುತ್ತು ಬಂದರು. ರೋಣದ ಹುಡುಗ, ಬಸು ಎಂದು ಅವನ ಹೆಸರು, ಚೀಲದಲ್ಲಿ ತಂದಿದ್ದ ಸುಳ್ಳು ಕೂದಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

"ಇದೇನಪಾ ಈರಣ್ಣ?" ಎಂದರು ಮಾಸ್ತರರು.

"ಬ್ಯಾಸಿಗಿ ಹೆರಳ್ರಿ ಮಾಸ್ತರ. ಅರಮನಿಯೊಳಗ ಈಗ ಹಿಂಗ ನಡದೈತ್ರಿ."

ಎಷ್ಟು ಗಂಭೀರವಾಗಿ ಹೇಳಿದನೆಂದರೆ ಮಾಸ್ತರರು ತಲೆಯಾಡಿಸಿದರು. ಗೋಡೆಯಾಚೆಯಿಂದ ಇಣುಕುತ್ತಿದ್ದ ಗುರವ್ವ, "ಯವ್ವಾ, ಎಷ್ಟ ಚಲೋ ಕಾಣತೈತಿ" ಎಂದದ್ದು ನನಗೆ ಕೇಳಿಸಿತು. ಕಾಕಾ ರಾಣಿಯಾಗಿ ನಾಲ್ಕು ಹೆಜ್ಜೆ ನಡೆದ. ಹೆರಳನ್ನು ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡ. ಮಾಸ್ತರರ ಮುಖ ನೋಡಿದರೆ ಪಾರ್ಟು ಕಾಕಾನಿಗೇ ಎಂಬುದು ಚಿಕ್ಕ ಮಕ್ಕಳಿಗೂ ತಿಳಿಯುವಂತಿತ್ತು.

ಆಮೇಲೆ ರಾಜ ಯುದ್ಧಕ್ಕೆ ಹೊರಡುವ ಪ್ರವೇಶ ಮಾಡಿ ತೋರಿಸಬೇಕಾಗಿತ್ತು. ರಾಣಿ ಓಡಿ ಬಂದು ರಾಜನ ಕಾಲು ಹಿಡಿದು, ತಟ್ಟನೆ ಎದ್ದು ಕತ್ತಿ ಕೊಡಬೇಕು. ಕಾಕಾ ಓಡಿ ಬಂದ, ಕಾಲು ಹಿಡಿದ. ಏಳಲು ಹೋದಾಗ ಎರಡೂ ಮೊಣಕಾಲು ಕಟಕ್ ಎಂದವು. ಮೂವತ್ತು ವರ್ಷ ಕುಣಿಯಲ್ಲಿ ಕುಳಿತು ತುಳಿದ ಕಾಲು. ಪಕ್ಕದಲ್ಲಿದ್ದ ಪೇಟಿ ಬಾರಿಸುವವನ ಭುಜ ಹಿಡಿದುಕೊಂಡು ಮೆಲ್ಲಗೆ ಎದ್ದ. ಯಾರೂ ನಗಲಿಲ್ಲ. ಇನ್ನೊಂದು ಸಲ ಮಾಡಿದ, ಮತ್ತೆ ಹಾಗೇ ಆಯಿತು. ಬಸು ತನ್ನ ಸರದಿ ಬಂದಾಗ ಕರುವಿನಂತೆ ಕುಪ್ಪಳಿಸಿ ಎದ್ದ.

ಮಾಸ್ತರರು ನೆಲ ನೋಡುತ್ತ ಕುಳಿತರು. ಕಾಕಾ ಹೆರಳಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಆಮೇಲೆ ತಾನೇ ನಕ್ಕ. "ಮಾಸ್ತರ, ಪಾರ್ಟು ಈ ಹುಡುಗಗ ಕೊಡ್ರಿ. ಕೂದಲಕ್ಕ ನಮ್ಮ ಅತ್ತಿಗಿ ಬಣ್ಣ ಹಾಕಿದ್ಲು, ಮೊಣಕಾಲಿಗೆ ಹಾಕು ಅಂದ್ರ ಆಕಿ ಎಲ್ಲಿ ಹೋಗಬೇಕು?" ಎಂದ. ಬಸುವಿನ ಕಡೆ ತಿರುಗಿ, "ನಡಿಗಿ ಮಾತ್ರ ಗಂಡಸೂರ ನಡಿಗಿ ಆಗೇತಿ ನಿಂದು. ನಾಳಿಂದ ನಮ್ಮ ಮನಿಗೆ ಬಾ, ಕಲಸತೀನಿ" ಎಂದ. ಅತ್ತೆಯ ಪಾರ್ಟನ್ನು ಮಾತ್ರ ಬೇಡ ಎಂದುಬಿಟ್ಟ. ರಾಣಿಯಾದವನು ರಾಣಿಯಾಗಿಯೇ ಇಳಿಯಬೇಕು ಎಂಬ ಹಟ ಅವನಿಗಿದ್ದರೆ ಅದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಅಂದು ಮನೆಗೆ ಬಂದು ಅವನು ಊಟ ಮಾಡಲಿಲ್ಲ. ಸುಳ್ಳೇಕೆ ಹೇಳಲಿ, ಕಣ್ಣು ಕೆಂಪಾಗಿತ್ತು.

ಇತ್ತ ಓಣಿಯಲ್ಲಿ ಬೇರೆಯೇ ನಡೆದಿತ್ತು. ಮರುದಿನ ಗುರವ್ವನ ಮಗಳು ಹೆರಳಿಗೆ ಗೇಣಿಗೊಂದು ಕೆಂಪು ನೂಲು ಸುತ್ತಿಕೊಂಡು ಬಂದಳು. ವಾರದೊಳಗೆ ಇಡೀ ಗಜೇಂದ್ರಗಡದ ಹುಡುಗಿಯರೆಲ್ಲ ಪಟ್ಟಿ ಹೆರಳಿನವರೇ. ಮಗ್ಗದ ಮನೆಗಳಲ್ಲಿ ಕೆಂಪು ನೂಲಿನ ಚೂರುಗಳು ಮಾಯವಾಗತೊಡಗಿದವು. ಆ ಬೇಸಿಗೆಯ ಹೊಸ ಹೆರಳಿಗೆ ಮೂಲ ನಾನು ಎಂದು ಯಾರೂ ಹೇಳಲಿಲ್ಲ, ಹೇಳಲಿ ಎಂದು ನಾನು ನಾಲ್ಕು ಮನೆ ಸುತ್ತಿ ಬಂದೆ. ನನ್ನ ಇಲಿ ಬಾಲಕ್ಕೆ ಹಿಡಿಸಿದ್ದು ಮಾತ್ರ ಒಂದೇ ಪಟ್ಟಿ.

ನಾಟಕಕ್ಕೆ ಎರಡು ದಿನ ಇರುವಾಗ ಕಾಕಾ ಕ್ಷೌರದವನನ್ನು ಮನೆಗೇ ಕರೆಸಿದ. ಅವನು ಕತ್ತರಿ ಹಿಡಿದು, "ಖರೇನ ಕತ್ತರಿಸಲ್ಯಾ ಈರಣ್ಣಾರ?" ಎಂದು ಮೂರು ಸಲ ಕೇಳಿದ. ಕಾಕಾ ನನ್ನನ್ನು ಕೂಗಿದ. "ಶಾಂತವ್ವ, ದಾರ ತಗೊಂಡು ಬಾ. ಮ್ಯಾಲ ಬುಡದಾಗ ಕಟ್ಟು, ಕತ್ತರಿಸಿದ ಮ್ಯಾಲ ಒಂದೂ ಎಳಿ ಉದುರಬಾರದು. ಎಷ್ಟು ಬಿಗಿ ಬರತೈತೋ ಅಷ್ಟು ಬಿಗಿ."

ನಾನು ಕಟ್ಟಿದೆ. ಗಂಟನ್ನು ಹಲ್ಲಿನಿಂದ ಎಳೆದೆ. "ಈ ಸಲ ಖರೇ ಆತು ನೋಡು" ಎಂದ ಕಾಕಾ.

ಕತ್ತರಿಸಿದ ಹೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಒಳಗೆ ಹೋದ. ರಾಟಿಯ ಮುಂದೆ ಕುಳಿತಿದ್ದ ಚಿಗವ್ವನ ಹಿಂದೆ ಕುಳಿತು, ಅವಳ ತೆಳ್ಳನೆಯ ಕೂದಲು ಬಿಚ್ಚಿ, ಈ ಹೆರಳನ್ನು ಚವರಿಯಂತೆ ಸೇರಿಸಿ ಹೆಣೆಯತೊಡಗಿದ. ಚಿಗವ್ವ ಬೇಡ ಎಂದಳು, ಜನ ನಗುತ್ತಾರೆ ಎಂದಳು, ಕಡೆಗೆ ಕತ್ತು ನೆಟ್ಟಗೆ ಹಿಡಿದು ಕುಳಿತಳು. ಜನ ನಕ್ಕದ್ದೂ ನಿಜ. "ಏನವಾ ಗಂಗವ್ವ, ಗಂಡನ ಕೂದಲಾ ತಲಿ ಮ್ಯಾಲ ಹೊತಗೊಂಡು ತಿರಗತೀಯಲ್ಲ" ಎಂದಳು ಗುರವ್ವ. "ಹದಿನೆಂಟು ವರ್ಷ ಎಣ್ಣಿ ಹಚ್ಚಿ ತಿಕ್ಕಿದಾಕಿ ನಾನು. ಮತ್ಯಾರು ಹೊರಬೇಕು?" ಎಂದಳು ಚಿಗವ್ವ. ಕ್ಷೌರದವನು ಆಮೇಲೆ ತಲೆ ಸಮ ಮಾಡುವಾಗ ನೆಲಕ್ಕೆ ಬಿದ್ದಿದ್ದ ಒಂದು ಗೊಂಚಲು ಕೂದಲನ್ನು ಅವ್ವ ಆರಿಸಿ, ಮೊಳೆಗೆ ತೂಗುತ್ತಿದ್ದ ಬಣ್ಣದ ದಾರಕ್ಕೆ ಕಟ್ಟಿದಳು.

"ಅಜ್ಜಿ, ಯಾವ ಬಣ್ಣರಿ?" ಎಂದು ಪಾರ್ಲರಿನ ಹುಡುಗಿ ಮತ್ತೆ ಕೇಳಿದಳು. ನಾನು ತಾಮ್ರದ ಗೊಂಚಲಿನ ಮೇಲೆ ಬೆರಳಿಟ್ಟು, "ಇದನ್ನ ಹಚ್ಚು. ಆದರ ಇಡೀ ತಲಿಗೆ ಬ್ಯಾಡ, ಒಂದು ಪಟ್ಟಿ ಸಾಕು" ಎಂದೆ. ಶ್ವೇತಾ ಮನೆಗೆ ಬರುವ ತನಕ ನನ್ನ ತಲೆಯ ಚಿತ್ರ ತೆಗೆಯುತ್ತಲೇ ಇದ್ದಳು. ಸಂಡಿಗೆ ಹಿಟ್ಟು ಹುಳಿಯಾಗಿತ್ತು.

ನಾಟಕದ ಮಾತು ಹೇಳುವುದು ಉಳಿಯಿತು. ಆಗ ನಾಟಕ ನೋಡಲು ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಒಂದು ಹಗ್ಗ. ಕಾಕಾ ಮತ್ತು ಚಿಗವ್ವ ಹೊತ್ತು ಮುಳುಗುವ ಮೊದಲೇ ಬಂದು ಜಾಗ ಹಿಡಿದಿದ್ದರು. ಹಗ್ಗಕ್ಕೆ ತಾಗಿ ಈಚೆ ಅವಳು, ಹಗ್ಗಕ್ಕೆ ತಾಗಿ ಆಚೆ ಅವನು. ಹಿಂದಿನ ಸಾಲಿನಲ್ಲಿ ನಾನು. ಕತ್ತರಿಸಿದ ಕೂದಲಿನಲ್ಲಿ ಕಾಕಾನ ಕತ್ತು ಬಡಕಲಾಗಿ, ಯಾರೋ ಬೇರೆಯವರ ಕತ್ತಿನಂತೆ ಕಾಣುತ್ತಿತ್ತು. ಪರದೆ ಎದ್ದಿತು, ಪೇಟಿ ಶುರುವಾಯಿತು, ಬಸು ರಾಣಿಯಾಗಿ ಕಾಕಾ ಕಲಿಸಿದ ನಡಿಗೆಯಲ್ಲಿ ಮೆಲ್ಲಗೆ ಬಂದ. ಜನ ಚಪ್ಪಾಳೆ ಹೊಡೆದರು. ನಾನು ಹೆದರಿ ರಂಗ ನೋಡುವುದು ಬಿಟ್ಟು ಕಾಕಾನನ್ನು ನೋಡಿದೆ.

ಅವನ ಕೈ ಅಭ್ಯಾಸದಂತೆ ತನ್ನ ಭುಜಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಚಿಗವ್ವ ರಂಗದಿಂದ ಕಣ್ಣು ತೆಗೆಯದೆಯೇ ತನ್ನ ಹೆರಳನ್ನು ಹಿಂದಕ್ಕೆ ಎಸೆದು ಹಗ್ಗದಾಚೆ ಬಿಟ್ಟಳು. ಕಾಕಾ ಅದರ ತುದಿಯನ್ನು ಹಿಡಿದು ಬೆರಳಿಗೆ ಸುತ್ತಿಕೊಂಡ, ನಾಟಕ ಮುಗಿಯುವ ತನಕ ಬಿಚ್ಚಲಿಲ್ಲ.